ಹೆವಿ ಲೈಸೆನ್ಸ್: ಫೀಸು ಕೇಳುವ ಮೊದಲು ಗಂಟೆ ಎಣಿಸಿ

ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಹುಡುಗರು ಲಾರಿ, ಬಸ್ಸು ಓಡಿಸೋ ಹೆವಿ ಲೈಸೆನ್ಸ್ ಮಾಡಿಸೋಕೆ ಹೊರಟರೆ ಮೊದಲು ಕೇಳೋದು "ಸ್ಕೂಲಿನವರು ಎಷ್ಟು ತಗೋತಾರೆ?" ಅಂತ. ಕೇಳಬೇಕಾದ್ದು "ಸ್ಟೇರಿಂಗ್ ಎಷ್ಟು ಹೊತ್ತು ನನ್ನ ಕೈಲಿರುತ್ತೆ?" ಅಂತ.

ಸರ್ಕಾರಿ ಶುಲ್ಕ ದೊಡ್ಡದಲ್ಲ. ಕಲಿಕಾ ಲೈಸೆನ್ಸಿಗೆ (ಎಲ್‌ಎಲ್‌ಆರ್) 150 ರೂಪಾಯಿ, ಚಾಲನಾ ಪರೀಕ್ಷೆಗೆ 300, ಇರೋ ಡಿಎಲ್‌ಗೆ ಹೊಸ ವರ್ಗ ಸೇರಿಸೋಕೆ 500. ಜೊತೆಗೆ ಡಾಕ್ಟರು ಬರೆದುಕೊಡೋ ಫಾರಂ 1ಎ. ಮಿಕ್ಕ ದುಡ್ಡೆಲ್ಲ ಹೋಗೋದು ಡ್ರೈವಿಂಗ್ ಸ್ಕೂಲಿಗೆ, ತರಬೇತಿ ಮುಗಿಸಿದ್ದಕ್ಕೆ ಅವರು ಕೊಡೋ ಫಾರಂ 5 ಸರ್ಟಿಫಿಕೇಟಿಗೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಹೆವಿ ತರಬೇತಿ 30 ದಿನಕ್ಕೆ ಕಡಿಮೆ ಇರಬಾರದು, ಕೈಯಾರೆ ಓಡಿಸಿದ್ದು 15 ಗಂಟೆಗೆ ಕಡಿಮೆಯಾಗಬಾರದು. ಅಂದರೆ ದಿನಕ್ಕೆ ಅರ್ಧ ಗಂಟೆ. ಒಂದು ಗಂಟೆಯ ರೌಂಡಿಗೆ ಕ್ಯಾಬಿನ್ನಿನಲ್ಲಿ ನಾಲ್ಕು ಜನ ಕೂತರೆ ತಲೆಗೆ ಕಾಲು ಗಂಟೆ, ತಿಂಗಳಿಗೆ ಏಳೂವರೆ ಗಂಟೆ. ಲೆಕ್ಕಕ್ಕೆ ಫೀಸು 18,000 ಅಂತ ಇಟ್ಟುಕೊಳ್ಳಿ. 15 ಗಂಟೆ ಸಿಕ್ಕರೆ ಗಂಟೆಗೆ 1,200. ಏಳೂವರೆ ಸಿಕ್ಕರೆ 2,400. ಪಕ್ಕದ ಸ್ಕೂಲಿನವರು 14,000ಕ್ಕೆ ಮಾಡಿಕೊಡ್ತೀವಿ ಅಂದು ನಾಲ್ಕೇ ಗಂಟೆ ಕೊಟ್ಟರೆ ಗಂಟೆಗೆ 3,500 ಬಿತ್ತು. ಅಗ್ಗ ಅಂದುಕೊಂಡದ್ದೇ ಎಲ್ಲಕ್ಕಿಂತ ದುಬಾರಿ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳಲ್ಲಿ ಹೆವಿ ಕೋರ್ಸು ಆರು ವಾರ, 38 ಗಂಟೆ. ಅಲ್ಲಿ ಪಾಸಾದರೆ ಆರ್‌ಟಿಒ ಟ್ರ್ಯಾಕ್ ಪರೀಕ್ಷೆಯಿಂದ ವಿನಾಯಿತಿಯೂ ಇದೆ. ಅಂಥದ್ದು ಕೈಗೆಟುಕುವ ದೂರದಲ್ಲಿದ್ದರೆ ಬಸ್ ಚಾರ್ಜು, ರೂಮು ಬಾಡಿಗೆ ಸೇರಿಸಿಯೂ ಲೆಕ್ಕ ಹಾಕಿ ನೋಡಿ.

ಗಂಟೆ ಕಳೆದುಕೊಂಡರೆ ಏನು ಕಳೆದುಕೊಳ್ತೀರಿ ಅನ್ನೋದು ಮಂಗಳೂರು ಕಡೆ ಇಳಿಯೋ ಶಿರಾಡಿ ಘಾಟಿಯಲ್ಲಿ ಗೊತ್ತಾಗುತ್ತೆ. ಸ್ಕೂಲಿನ ಲಾರಿ ಯಾವತ್ತೂ ಖಾಲಿ, ರಸ್ತೆ ಸಪಾಟು. ಸಕಲೇಶಪುರದಾಚೆ ದೋಣಿಗಾಲ್ ದಾಟಿ ಲೋಡ್ ಗಾಡಿ ಇಳಿಸೋದು ಬೇರೆಯೇ ವಿದ್ಯೆ. ಇಳಿಜಾರು ಶುರುವಾಗೋ ಮೊದಲೇ ಗೇರು ಇಳಿಸಿರಬೇಕು, ಹೊಗೆ ತಡೆದು ಇಂಜಿನ್ನಿನಿಂದಲೇ ಗಾಡಿ ಹಿಡಿಯೋ ಎಕ್ಸಾಸ್ಟ್ ಬ್ರೇಕ್ ಹಾಕಿರಬೇಕು. ಪೆಡಲ್ ಮೇಲೆ ಕಾಲು ಊರಿಕೊಂಡೇ ಇಳಿಸಿದರೆ ಡ್ರಮ್ ಕಾದು ಲೈನರ್ ಹಿಡಿತ ಬಿಡುತ್ತೆ. ಲಾರಿ ಬ್ರೇಕ್ ನಡೆಯೋದು ಟ್ಯಾಂಕಿನಲ್ಲಿ ತುಂಬಿದ ಗಾಳಿಯಿಂದ; ಗಾಬರಿಯಲ್ಲಿ ಪಟಪಟ ತುಳಿದರೆ ಟ್ಯಾಂಕಿನ ಗಾಳಿ ಖರ್ಚಾಗಿ ಏರ್ ಮೀಟರಿನ ಮುಳ್ಳು ಕೆಂಪಿಗೆ ಇಳಿಯುತ್ತೆ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡೋರಂತೂ ಎರಡು ಕಡೆ ಸಾಯ್ತಾರೆ: ಇಂಜಿನ್ ಹಿಡಿತವೂ ಇಲ್ಲ, ಇಂಜಿನ್ ಐಡಲಿಂಗಿನಲ್ಲಿರೋದರಿಂದ ಗಾಳಿ ತುಂಬೋ ಕಂಪ್ರೆಸರ್ ನಿಧಾನ ತಿರುಗಿ ಗಾಳಿಯೂ ಬೇಗ ತುಂಬಲ್ಲ. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡೋದನ್ನು ಮಲೆನಾಡಿನ ಮಳೆಗಾಲದಲ್ಲಿ ಒಂದು ದಿನವೂ ತಪ್ಪಿಸಬಾರದು. ಇಷ್ಟನ್ನಾದರೂ ಕೈ ಹಿಡಿದು ತೋರಿಸದ ಸ್ಕೂಲಿಗೆ ದುಡ್ಡು ಕೊಡಬೇಡಿ.

ಇನ್ನು ಕಾಯೋ ಖರ್ಚು. ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಕಾರಿನಂಥ ಹಗುರ ಗಾಡಿಯ ಎಲ್‌ಎಂವಿ ಲೈಸೆನ್ಸ್ 18ಕ್ಕೆ ಸಿಗುತ್ತೆ, ಆದರೆ ಬಾಡಿಗೆ ಗಾಡಿ ಓಡಿಸೋಕೆ 20 ತುಂಬಿರಬೇಕು. ಹೆವಿಗೆ ಎಲ್‌ಎಲ್‌ಆರ್ ಬೇಕಂದರೆ ಎಲ್‌ಎಂವಿ ಕೈಗೆ ಬಂದು ವರ್ಷವಾಗಿರಬೇಕು. ಕೆಎಸ್‌ಆರ್‌ಟಿಸಿ ಕನಸಿದ್ದರೆ 2020ರ ಚಾಲಕ ನೇಮಕಾತಿಯ ಷರತ್ತು ನೆನಪಿಡಿ: ವಯಸ್ಸು ಕನಿಷ್ಠ 24, ಎಸ್‌ಎಸ್‌ಎಲ್‌ಸಿ ಪಾಸು, ಹೆವಿ ಲೈಸೆನ್ಸ್ ಕೈಗೆ ಬಂದು ಎರಡು ವರ್ಷ, ಪ್ರಯಾಣಿಕರ ಗಾಡಿ ಓಡಿಸೋಕೆ ಆರ್‌ಟಿಒ ಕೊಡೋ ಬ್ಯಾಡ್ಜ್, ಗಂಡಸರಿಗೆ ಎತ್ತರ 163 ಸೆಂ.ಮೀ. ಎತ್ತರ ಅಳೆಸದೆ ಸರ್ಕಾರಿ ಬಸ್ಸಿನ ಆಸೆಗೆ ಸಾಲ ಮಾಡಬೇಡಿ. ನಡುವಿನ ವರ್ಷಗಳಿಗೆ ಪಿಕಪ್ ಇದೆ. 7,500 ಕೆ.ಜಿ. ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಆದರೂ 20ರ ಒಳಗಿನ ಹುಡುಗನ ಕೈಗೆ ಪಿಕಪ್ ಕೀ ಕೊಡೋ ಮಾಲೀಕರಿದ್ದಾರೆ. ಏನಾದರೂ ಆದರೆ ಕೇಸು ಹುಡುಗನ ಮೇಲೂ ಬೀಳುತ್ತೆ.

ಸಂಪಾದನೆ ಅಂದರೆ ಸಂಬಳ ಮತ್ತು ಬಾಟಾ, ಅಂದರೆ ದಾರಿ ಖರ್ಚಿಗೆ ಕೊಡೋ ದಿನಭತ್ಯೆ. ಬಾಟಾ ಪೂರ್ತಿ ಆದಾಯ ಅಲ್ಲ. ದಿನಕ್ಕೆ 400 ಕೊಟ್ಟರೆ ಎರಡು ಊಟ, ತಿಂಡಿ, ಟೀಗೆ 250 ಹೋಗಿ ಉಳಿಯೋದು 150. ಟ್ರಿಪ್ ಲೆಕ್ಕದ ಕೆಲಸವಾದರೆ ವರ್ಷವಿಡೀ ನೋಡಿ: ಕಾಫಿ ಕುಯ್ಲಿನ ಡಿಸೆಂಬರ್-ಜನವರಿಯಲ್ಲಿ ಲೋಡಿಗೆ ಬರವಿಲ್ಲ, ಜುಲೈನಲ್ಲಿ ಘಾಟಿ ಕುಸಿದು ರಸ್ತೆ ಮುಚ್ಚಿದರೆ ಗಾಡಿ ನಿಂತಲ್ಲೇ. ಪಂಕ್ಚರ್, ದಂಡ, ಲೋಡ್ ಕಡಿಮೆ ಬಂದರೆ ಕಡಿತ ಇವೆಲ್ಲ ಯಾರ ತಲೆಗೆ ಅಂತ ಸೇರೋ ದಿನವೇ ಕೇಳಿ.

ಹೆವಿ ಕೈಗೆ ಬಂದು ಒಂದಷ್ಟು ಘಾಟಿ ಓಡಿಸಿದ ಮೇಲೆ ನನ್ನ ಪ್ರಕಾರ ಮಾಡಿಸಲೇಬೇಕಾದ್ದು ಅಪಾಯಕಾರಿ ಸರಕಿನ ತರಬೇತಿ. ಮೂರೇ ದಿನದ್ದು. ಅದಿಲ್ಲದೆ ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಮುಟ್ಟೋ ಹಾಗಿಲ್ಲ. ಮಂಗಳೂರು ಕಡೆಯಿಂದ ಟ್ಯಾಂಕರ್ ಹತ್ತೋದು ನಮ್ಮ ಘಾಟಿಯನ್ನೇ. ಒಂದು ಎಚ್ಚರ: ಸಾಮಾನ್ಯ ಸಾರಿಗೆ ಲೈಸೆನ್ಸ್ ಐದು ವರ್ಷ ನಡೆದರೆ ಇದು ಮೂರೇ ವರ್ಷ, ನವೀಕರಣಕ್ಕೆ ಮತ್ತೆ ಒಂದು ದಿನದ ತರಬೇತಿ. ಅವಧಿ ಮುಗಿಯೋ ತಾರೀಕನ್ನು ಕ್ಯಾಬಿನ್ನಿನ ಕ್ಯಾಲೆಂಡರಿನಲ್ಲಿ ಬರೆದಿಡಿ.

ಫೀಸು ಪೂರ್ತಿ ಒಂದೇ ಸಲ ಕಟ್ಟಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹತ್ತಿದ್ದು, ಇಳಿದಿದ್ದು ಬರೆದು ಕಲಿಸೋರ ಸಹಿ ಹಾಕಿಸಿ. ಕೊನೇ ಕಂತು 15 ಗಂಟೆ ತುಂಬಿದ ದಿನ.