ನೆಗೆಟಿವ್ ಎಸೆದುಬಿಟ್ಟರಂತೆ

ಅಪ್ಪನ ಹಳೆಯ ಕ್ಯಾಮೆರಾದಲ್ಲಿ ಮೂರು ತಿಂಗಳು ಒಂದೊಂದನ್ನೂ ಲೆಕ್ಕವಿಟ್ಟು ತೆಗೆದ 36 ಚಿತ್ರಗಳ ಫಿಲ್ಮ್ ರೀಲನ್ನು ತೊಳೆಸಬೇಕೆಂದರೆ ನಮ್ಮ ಊರಿನ ಯಾವ ಸ್ಟುಡಿಯೋದಲ್ಲೂ ಈಗ ಆ ವ್ಯವಸ್ಥೆಯಿಲ್ಲ. ಕೊನೆಗೆ ಬೆಂಗಳೂರಿನ ಸ್ಟುಡಿಯೋವೊಂದಕ್ಕೆ ಕೊರಿಯರ್ ಮಾಡಿ ಹದಿನೈದು ದಿನ ಕಾದರೆ ಸ್ಕ್ಯಾನ್ ಮಾಡಿದ ಚಿತ್ರಗಳ ಲಿಂಕ್ ಮಾತ್ರ ಬಂದಿತು. ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಮೂಡುವ ಫಿಲ್ಮ್ ಪಟ್ಟಿಯಾದ ನೆಗೆಟಿವ್ ಕೇಳಿದ್ದಕ್ಕೆ, "ಈಗ ಅದನ್ನ ಯಾರೂ ಕೇಳಲ್ಲ ಸರ್, ಎಸೆದುಬಿಟ್ವಿ" ಎಂದರು.

ಸುಮಾರು 38 ಡಿಗ್ರಿ ಸೆಲ್ಸಿಯಸ್ ಶಾಖದ ಡೆವಲಪರ್ ಎಂಬ ರಾಸಾಯನಿಕ ದ್ರಾವಣದಲ್ಲಿ ಮೂರೂಕಾಲು ನಿಮಿಷ ಅದ್ದಿ, ಬ್ಲೀಚ್ ಮಾಡಿ, ಫಿಕ್ಸ್ ಮಾಡಿ, ತೊಳೆದು ಒಣಗಿಸಿದ ಆ ಕಿತ್ತಳೆ ಛಾಯೆಯ ಪಟ್ಟಿಯೇ ಮೂಲ ಚಿತ್ರ, ಸ್ಕ್ಯಾನ್ ಎಂಬುದು ಅದರ ನಕಲು ಮಾತ್ರ ಎಂಬುದನ್ನು ಅದೇ ಕೆಲಸ ಮಾಡುವವರಿಗೆ ನಾನು ತಿಳಿಸಿ ಹೇಳಬೇಕಾಯಿತಲ್ಲ ಎಂಬುದೇ ನನ್ನ ಸಂಕಟ. ಊಟಿಯಲ್ಲಿ 'ಇಂದು' ಹೆಸರಿನ ಕಪ್ಪುಬಿಳುಪು ಫಿಲ್ಮ್ ತಯಾರಿಸುತ್ತಿದ್ದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಮುಚ್ಚಿದ್ದನ್ನು ಕಾಲದ ಹೊಡೆತವೆಂದು ಒಪ್ಪಿಕೊಳ್ಳಬಹುದು, ಆದರೆ ಕೈಗೆ ಬಂದ ನೆಗೆಟಿವನ್ನು ಕಸದ ಬುಟ್ಟಿಗೆ ಹಾಕುವುದಕ್ಕೆ ಯಾವ ಕಾಲವೂ ಕಾರಣವಲ್ಲ.

ನಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಪಟ್ಟಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಜ್ಜಿಯ ನರೆಗೂದಲು ಇಂದಿಗೂ ಕಡುಗಪ್ಪಾಗಿ ಕಾಣುತ್ತದೆ. ಈ ಸಲದ ರೀಲಿನಲ್ಲಿ ಅಮ್ಮ ಇದ್ದರು.