ಗಂಡ-ಹೆಂಡತಿಗೆ ಒಂದೇ ಬಿನ್ ಬೇಡ

ವಿದೇಶ ಸುತ್ತುತ್ತಾ ಹಣ್ಣಿನ ತೋಟದಲ್ಲಿ ಕೆಲಸ ಮಾಡಬೇಕು ಅಂತ ಆಸೆ ಇರುವ ಜೋಡಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಇಬ್ಬರಿಗೂ ಒಂದೇ ಕಡೆ ಕೆಲಸ ಸಿಗುತ್ತಾ?" ಸಿಗುತ್ತೆ. ಒಂದೇ ತೋಟದಲ್ಲಿ ದುಡಿಯಿರಿ, ಒಂದೇ ಕ್ಯಾರವಾನ್‌ನಲ್ಲಿ ಮಲಗಿ. ಆದರೆ ಇಬ್ಬರೂ ಸೇರಿ ಒಂದೇ ಬಿನ್ ತುಂಬಬೇಡಿ.

ಬಿನ್ ಅಂದರೆ ಸೇಬಿನ ಸಾಲುಗಳ ಮಧ್ಯೆ ಇಡುವ ದೊಡ್ಡ ಪೆಟ್ಟಿಗೆ. ಹೆಚ್ಚೂಕಡಿಮೆ 400 ಕಿಲೋ ಹಣ್ಣು ಹಿಡಿಯುತ್ತದೆ. ನಾನು, ನನ್ನ ಗಂಡ ಹೋಗಿದ್ದು ಆಸ್ಟ್ರೇಲಿಯಾದ ದ್ವೀಪರಾಜ್ಯ ಟ್ಯಾಸ್ಮೇನಿಯಾದ ಹ್ಯೂಆನ್ ಕಣಿವೆಗೆ, ಮಾರ್ಚ್ ಶುರುವಿನಲ್ಲಿ.

ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾ ಭಾರತೀಯರಿಗೆ ಸಿಗಲು ಶುರುವಾಗಿದ್ದು 2024ರಲ್ಲಿ. ವರ್ಷಕ್ಕೆ 1,000 ಜನಕ್ಕೆ ಮಾತ್ರ, ಅದೂ ಲಾಟರಿ ಎತ್ತಿ. ವಯಸ್ಸು 18ರಿಂದ 30ರ ಒಳಗಿರಬೇಕು. ಮದುವೆಯಾಗಿದೆ ಅಂತ ಒಂದೇ ಅರ್ಜಿ ಹಾಕುವ ಹಾಗಿಲ್ಲ, ಅವರವರದ್ದು ಅವರವರಿಗೆ. ಇಬ್ಬರ ಹೆಸರೂ ಬಂದಿದ್ದು ನಮ್ಮ ಪುಣ್ಯ. ಆ ವೀಸಾದ ಲೆಕ್ಕದಲ್ಲಿ ನಾವು ಜೋಡಿಯಲ್ಲ, ಇಬ್ಬರು ಬೇರೆ ಬೇರೆ ಕೆಲಸಗಾರರು ಅನ್ನೋದು ಅವತ್ತೇ ತಲೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಕೂಲಿ ಹಿಡಿಯುವ ಕಾಂಟ್ರಾಕ್ಟರ್ ಮೊದಲ ದಿನ ಹೇಳಿದ, "ನೀವಿಬ್ಬರೂ ಸೇರಿ ತುಂಬಿ, ಒಂದೇ ಹೆಸರಲ್ಲಿ ಬರ್ಕೋತೀನಿ, ಲೆಕ್ಕ ಸುಲಭ." ನಾವೂ ತಲೆ ಆಡಿಸಿದೆವು. ಮನೆಗೆ ಬರುವ ದುಡ್ಡು ಒಂದೇ ಅಲ್ವಾ?

ಸೇಬು ಕೀಳೋದು ನೋಡೋಕೆ ಸುಲಭ. ಎಳೆದರೆ ಕೆಟ್ಟಿತು. ತೊಟ್ಟು ಕಿತ್ತು ಬರುತ್ತದೆ, ಕೆಲವೊಮ್ಮೆ ಪಕ್ಕದಲ್ಲಿರುವ ಮುಂದಿನ ವರ್ಷದ ಮೊಗ್ಗೂ ಜೊತೆಗೆ ಬರುತ್ತದೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು, ಮೇಲಕ್ಕೆ ಎತ್ತಿ, ಸ್ವಲ್ಪ ತಿರುಗಿಸಬೇಕು. ಮಾಗಿದ್ದರೆ ಟಕ್ ಅಂತ ತಾನೇ ಬಿಟ್ಟುಕೊಡುತ್ತದೆ. ಬೆರಳ ತುದಿಯಿಂದ ಒತ್ತಿದರೆ ಆಗ ಏನೂ ಕಾಣಲ್ಲ, ಆಮೇಲೆ ಅಲ್ಲೇ ಕಂದು ಕಲೆ. ಎದೆಗೆ ಕಟ್ಟಿದ ಚೀಲ ತುಂಬಿದ ಮೇಲೆ ಅದನ್ನು ಬಿನ್ ಒಳಗೆ ಇಳಿಸಿ, ಅಡಿಯ ಬಾಯಿ ಬಿಚ್ಚಿ, ಹಣ್ಣು ಮೆಲ್ಲಗೆ ಜಾರುವಂತೆ ಎತ್ತಬೇಕು. ನನ್ನ ಗಂಡ ದಡದಡ ಸುರಿಯುತ್ತಿದ್ದ. ಸೂಪರ್‌ವೈಸರ್ ಬಂದು ಬಿನ್ ಒಳಗೆ ಕೈಯಾಡಿಸಿ ಜಜ್ಜಿದ ಹಣ್ಣು ಎತ್ತಿ ತೋರಿಸಿದರೆ, ಅದು ಯಾರದ್ದು? ಅಲ್ಲಿಂದ ಶುರುವಾದ ಜಗಳ ರಾತ್ರಿ ಪಾತ್ರೆ ತೊಳೆಯುವವರೆಗೂ.

ಜಗಳ ಹೋಗಲಿ ಬಿಡಿ, ಸಂಬಳದ ಚೀಟಿಯ ಕಥೆ ಕೇಳಿ. ಎರಡನೇ ವರ್ಷದ ವೀಸಾ ಬೇಕಂದರೆ ಇಂಥ ಊರುಗಳಲ್ಲಿ ಮೂರು ತಿಂಗಳು, ಅಂದರೆ 88 ದಿನ, ಸಂಬಳಕ್ಕೆ ದುಡಿದ ದಾಖಲೆ ಬೇಕು. ಮೂರು ವಾರ ಆದಮೇಲೆ ನೋಡುತ್ತೇನೆ, ಎಲ್ಲ ಚೀಟಿಯೂ ಅವನ ಹೆಸರಲ್ಲಿ. ನಾನು ತೋಟಕ್ಕೆ ಕಾಲಿಟ್ಟ ಗುರುತೇ ಇಲ್ಲ! ವಾರಪೂರ್ತಿ ದುಡಿದರೆ ರಜೆಯ ದಿನವೂ ಲೆಕ್ಕಕ್ಕೆ ಸೇರುತ್ತದೆ, ಹಾಗಾಗಿ ನನ್ನ 21 ದಿನ ಸುಮ್ನೆ ಮಣ್ಣುಪಾಲು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಬಿನ್ ಲೆಕ್ಕದಲ್ಲಿ ಕೂಲಿ ಕೊಟ್ಟರೂ, ದುಡಿದ ಗಂಟೆಗಳಿಗೆ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವ ಹಾಗಿಲ್ಲ ಅಂತ ಅಲ್ಲಿ 2022ರ ಏಪ್ರಿಲ್ 28ರಿಂದ ನಿಯಮ ಇದೆ. ಅದಕ್ಕೇ ಪ್ರತಿಯೊಬ್ಬರ ಗಂಟೆ ಬರೆದಿಡಬೇಕು. ಇಬ್ಬರನ್ನು ಒಂದು ಹೆಸರಲ್ಲಿ ಬರೆದರೆ ಒಬ್ಬರ ಗಂಟೆ ಪೂರ್ತಿ ಮಾಯ. ಲೆಕ್ಕ ಯಾರಿಗೆ ಸುಲಭ ಅಂತ ಈಗ ಹೇಳಿ.

ನಾಲ್ಕನೇ ವಾರದಿಂದ ಬೇರೆ ಬಿನ್ ಕೇಳಿದೆ. ಕಾಂಟ್ರಾಕ್ಟರ್ ಮುಖ ಗಂಟಿಕ್ಕಿದ. ಗಂಡನಿಗೂ ಸ್ವಲ್ಪ ಬೇಜಾರು, "ನನ್ನ ಜೊತೆ ಮಾಡೋಕೆ ಇಷ್ಟ ಇಲ್ವಾ?" ಅಂದ. ಇಷ್ಟ ಬೇರೆ, ಚೀಟಿ ಬೇರೆ ಮಾರಾಯ, ಅಂದೆ. ತಮಾಷೆ ಏನಂದರೆ, ಮೂರು ಕಾಲಿನ ಏಣಿ ಹತ್ತಿ ಇಳಿದು ಅವನು ತುಂಬುವಷ್ಟನ್ನೇ ನಾನೂ ತುಂಬುತ್ತಿದ್ದೆ. ಜಂಟಿ ಬಿನ್‌ನಲ್ಲಿ ಅದು ಇಬ್ಬರಿಗೂ ಗೊತ್ತಾಗಿರಲಿಲ್ಲ.

ಮೇ ಕೊನೆಗೆ ಪಿಂಕ್ ಲೇಡಿ ಅನ್ನುವ ತಳಿಯ ಸೇಬಿನ ಕೊಯ್ಲು ಮುಗಿಯಿತು. ಅವನ 88 ದಿನವೂ ಮುಗಿಯಿತು. ನನ್ನದು 21 ಬಾಕಿ. ಜೂನ್ ಚಳಿಯಲ್ಲಿ ಎಲೆ ಉದುರಿದ ಮರಗಳ ಕೊಂಬೆ ಸವರುವ ಕೆಲಸ ಮಾತ್ರ ಉಳಿದಿತ್ತು. ಬೆಳಿಗ್ಗೆ ಕತ್ತರಿ ಹಿಡಿದರೆ ಬೆರಳು ಮಡಚೋದೇ ಇಲ್ಲ. ಅವನು ಆರಾಮಾಗಿ ಸಿಡ್ನಿಗೆ ಹೊರಡಬಹುದಿತ್ತು. ಹೊರಡಲಿಲ್ಲ, ಅವನೂ ಒಂದು ಕತ್ತರಿ ತಗೊಂಡ. ಮೇಸ್ತ್ರಿ ಹೆಸರು ಬರೆದುಕೊಳ್ಳುವಾಗ ನನಗಿಂತ ಮೊದಲೇ ಹೇಳಿದ, "ಅವಳ ಸಾಲು ಬೇರೆ, ನನ್ನ ಸಾಲು ಬೇರೆ."