ಗಾಳಕ್ಕೆ ಹೊರಡುವ ಮುನ್ನ ಮಳೆಯ ಲೆಕ್ಕ

ಬೆಂಗಳೂರಿನ ಗಾಳದ ಹವ್ಯಾಸಿಗಳು ಈಚೆಗೆ ಪ್ರವಾಸದ ದಿನವನ್ನು ಗೊತ್ತುಮಾಡುವ ಕ್ರಮ ನನಗೆ ಸರಿಕಾಣುತ್ತಿಲ್ಲ. ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಶುಕ್ರವಾರ ರಾತ್ರಿ ಫೋನಿನಲ್ಲಿ ಒಂದು ಆ್ಯಪ್ ತೆರೆಯುತ್ತಾರೆ. ಅದು ಚಂದ್ರನ ಸ್ಥಾನವನ್ನೂ ವಾಯುಭಾರವನ್ನೂ ಕೂಡಿಸಿ, ಭಾನುವಾರ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಮೀನು ಚೆನ್ನಾಗಿ ಕಚ್ಚುತ್ತದೆ ಎಂದು ಹೇಳುತ್ತದೆ. ಆ ಗಂಟೆಗೆ ಸರಿಯಾಗಿ ಚನ್ನಪಟ್ಟಣದ ಕಣ್ವ ಜಲಾಶಯಕ್ಕೋ ಕೋಲಾರದ ಕಡೆಯ ಯಾವುದಾದರೂ ಕೆರೆಗೋ ಕಾರು ಹೊರಡುತ್ತದೆ. ಆ ಕೆರೆಗೆ ಹಿಂದಿನ ವಾರ ಹೊಸ ನೀರು ಬಂದಿತೇ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಇದು ಮೀನು ಮೊಟ್ಟೆಯಿಡುವ ಕಾಲವಲ್ಲವೇ ಎಂಬುದನ್ನು ಬಹುಮಂದಿ ಕೇಳುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಸೀಮೆಯ ಸಿಹಿನೀರಿಗೆ ಮೊದಲು ಋತುವನ್ನು ನೋಡಬೇಕು, ಆಮೇಲೆ ಹಿಂದಿನ ನಾಲ್ಕೈದು ದಿನಗಳ ಮಳೆಯನ್ನು, ಆಮೇಲೆ ಆ ದಿನದ ಗಾಳಿ ಮತ್ತು ಮೋಡವನ್ನು. ಚಂದ್ರನ ಸರದಿ ಎಲ್ಲಕ್ಕಿಂತ ಕೊನೆಗೆ ಬರಬೇಕು.

ಚಂದ್ರನನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಈ ಆ್ಯಪ್‌ಗಳ ಲೆಕ್ಕದ ಮೂಲ, ಅಮೆರಿಕದ ಜಾನ್ ಆಲ್ಡನ್ ನೈಟ್ 1926ರಲ್ಲಿ ರೂಪಿಸತೊಡಗಿದ ಸೋಲೂನಾರ್ ಸಿದ್ಧಾಂತ. ಚಂದ್ರ ನೆತ್ತಿಯ ಮೇಲಿರುವಾಗ ಮತ್ತು ಭೂಮಿಯ ಇನ್ನೊಂದು ಬದಿಯಲ್ಲಿ ನೇರ ನಮ್ಮ ಕಾಲಡಿಗೆ ಬಂದಾಗ ಸುಮಾರು ಎರಡೆರಡು ಗಂಟೆಗಳ ದೊಡ್ಡ ಅವಧಿ, ಚಂದ್ರೋದಯ ಮತ್ತು ಚಂದ್ರಾಸ್ತಗಳ ಹೊತ್ತಿಗೆ ಒಂದೊಂದು ಗಂಟೆಯ ಸಣ್ಣ ಅವಧಿ ಎಂಬುದು ಅದರ ತಿರುಳು. ಸಮುದ್ರತೀರದಲ್ಲಿ ಇದಕ್ಕೆ ಆಧಾರ ಹುಡುಕುವುದು ಕಷ್ಟವಲ್ಲ, ಏಕೆಂದರೆ ಅಲ್ಲಿ ಉಬ್ಬರದ ನೀರಿನೊಡನೆ ಆಹಾರವೂ ದಡಕ್ಕೆ ಬರುತ್ತದೆ, ಅದರ ಹಿಂದೆ ಮೀನೂ ಬರುತ್ತದೆ. ಆದರೆ ಅಮೆರಿಕದ ಮಹಾಸರೋವರಗಳಂಥ ಅಗಾಧ ಜಲರಾಶಿಯಲ್ಲಿಯೇ ಉಬ್ಬರ 5 ಸೆಂಟಿಮೀಟರಿನಷ್ಟೂ ಏಳುವುದಿಲ್ಲವೆಂದಾಗ, ಒಂದೆರಡು ಕಿಲೋಮೀಟರ್ ಅಗಲದ ನಮ್ಮ ಕೆರೆಯಲ್ಲಿ ಅದು ಅಳತೆಗೇ ಸಿಗದು. ಉಳಿಯುವುದು ಬೆಳದಿಂಗಳೊಂದೇ. ನೀರು ತಿಳಿಯಾಗಿರುವ ಮಾಗಿಯ ದಿನಗಳಲ್ಲಿ ಹುಣ್ಣಿಮೆಯ ಬೆಳಕು ನೀರಿನೊಳಗೆ ಇಳಿಯುತ್ತದೆ, ರಾತ್ರಿ ಬೇಟೆಯಾಡುವ ಬಾಳೆ ಮೀನಿನ ಓಡಾಟ ಅದರಿಂದ ಬದಲಾಗುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪಾಚಿಯಿಂದ ಹಸಿರುಗಟ್ಟಿದ ಕೆರೆಯಲ್ಲಿ ಹಗಲಿನ ಬಿಸಿಲೇ ಒಂದು ಮೊಳಕ್ಕಿಂತ ಆಳಕ್ಕೆ ಹೋಗುವುದು ಕಷ್ಟ, ಶ್ರಾವಣದ ಹುಣ್ಣಿಮೆಯ ಚಂದ್ರ ಮೋಡದ ಹಿಂದೆಯೇ ಇರುತ್ತಾನೆ, ಮತ್ತು ನಮ್ಮಲ್ಲಿ ಹೆಚ್ಚಿನವರು ಗಾಳ ಹಾಕುವುದೇ ಹಗಲಿನಲ್ಲಿ.

ನಮ್ಮ ರೈತರೂ ಮಳೆಯ ಲೆಕ್ಕಕ್ಕೆ ತಿಥಿಗಳನ್ನು ನೆಚ್ಚಿದವರಲ್ಲ. ಮಳೆ ನಕ್ಷತ್ರಗಳು ಸೂರ್ಯನ ಸಂಚಾರವನ್ನು ಹಿಡಿದು ಬರುವಂಥವು. ಆದ್ದರಿಂದಲೇ ಮೃಗಶಿರಾ ಪ್ರತಿವರ್ಷ ಜೂನ್ 8ರ ಹೊತ್ತಿಗೆ ಹುಟ್ಟುತ್ತದೆ, ಆರಿದ್ರಾ ಜೂನ್ 21ರ ಹೊತ್ತಿಗೆ, ಹಸ್ತ ಸೆಪ್ಟೆಂಬರ್ ಕೊನೆಯ ವಾರಕ್ಕೆ. ಅಮಾವಾಸ್ಯೆ ಹುಣ್ಣಿಮೆಗಳು ವರ್ಷದಿಂದ ವರ್ಷಕ್ಕೆ ಜಾಗ ಬದಲಿಸಿದರೂ ಇವು ಕದಲುವುದಿಲ್ಲ. ಮೀನಿಗೂ ಬೇಕಾದದ್ದು ಈ ಲೆಕ್ಕವೇ.

ಇನ್ನು ವಾಯುಭಾರ. ವಾಯುಭಾರ ಇಳಿಯುವಾಗ ಮೀನು ಚುರುಕಾಗುತ್ತದೆ ಎಂಬ ಮಾತು ಯೂರೋಪ್, ಉತ್ತರ ಅಮೆರಿಕಗಳಂಥ ಸಮಶೀತೋಷ್ಣ ಪ್ರದೇಶಗಳಿಂದ ಬಂದದ್ದು. ಅಲ್ಲಿ ಒಂದು ಹವಾಮಾನ ಹೋಗಿ ಇನ್ನೊಂದು ಬರುವಾಗ ಎರಡೇ ದಿನಗಳಲ್ಲಿ 15ರಿಂದ 20 ಮಿಲಿಬಾರ್ ವ್ಯತ್ಯಾಸವಾಗುವುದುಂಟು. ಬೆಂಗಳೂರಿನಲ್ಲಿ ಹಾಗಿಲ್ಲ. ಇಲ್ಲಿ ವಾಯುಭಾರ ಪ್ರತಿದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಸುಮಾರಿಗೆ ಇಳಿದು, ಮತ್ತೆ ರಾತ್ರಿ ಹತ್ತರ ಹೊತ್ತಿಗೆ ಏರಿ, ನಸುಕಿನ ನಾಲ್ಕಕ್ಕೆ ಇಳಿಯುತ್ತದೆ. ಉಷ್ಣವಲಯದ ಎಲ್ಲ ಊರುಗಳಲ್ಲೂ ಕಾಣುವ ಈ ದಿನನಿತ್ಯದ ಏರಿಳಿತ ಸುಮಾರು 3ರಿಂದ 4 ಮಿಲಿಬಾರ್‌ನಷ್ಟು ಇರುತ್ತದೆ. ಒಂದು ದಿನಕ್ಕೂ ಮರುದಿನಕ್ಕೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಹೀಗಾಗಿ ಮಧ್ಯಾಹ್ನ ಆ್ಯಪ್‌ನಲ್ಲಿ ಕೆಳಮುಖದ ಬಾಣ ಕಂಡು ಮೀನು ಕಚ್ಚುವ ಸಮಯ ಬಂತು ಎನ್ನುವವರು ದಿನವೂ ನಡೆಯುವುದನ್ನೇ ವಿಶೇಷವೆಂದು ತಿಳಿಯುತ್ತಿದ್ದಾರೆ. ಇನ್ನೊಂದು ಮಾತು: ಒಂದು ಮಿಲಿಬಾರ್ ಎಂದರೆ ನೀರಿನಲ್ಲಿ ಸುಮಾರು ಒಂದು ಸೆಂಟಿಮೀಟರ್ ಆಳದ ಒತ್ತಡ. ನಾಲ್ಕು ಬೆರಳಿನಷ್ಟು ಮೇಲೆ ಕೆಳಗೆ ಈಜಿದರೆ ಮೀನು ಇಡೀ ದಿನದ ವಾಯುಭಾರದ ಏರಿಳಿತವನ್ನು ದಾಟಿಬಿಡುತ್ತದೆ.

ಇದಕ್ಕೆ ಅಪವಾದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳು. 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿದಾಗ ಬೆಂಗಳೂರಿಗೆ ಬಂದಂಥ ಜಿಟಿಜಿಟಿ ಮಳೆ ಮತ್ತು ಚಳಿ ನೆನಪಿರಬಹುದು. ಅಂಥ ದಿನಗಳಲ್ಲಿ ಕಾಟ್ಲಾ, ರೋಹುಗಳಂಥ ಗೆಂಡೆಗಳು ಮಂಕಾಗುತ್ತವೆ, ಆದರೆ ಅದಕ್ಕೆ ಕಾರಣ ಬಿಸಿಲಿಲ್ಲದೆ ತಣ್ಣಗಾಗುವ ನೀರೆಂದೇ ನನ್ನ ತಿಳಿವಳಿಕೆ. ಮೋಡ ಸರಿದು ಎರಡು ದಿನ ಬಿಸಿಲು ಬಿದ್ದ ಮೇಲೆ ಹೋಗುವುದು ಒಳ್ಳೆಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಸುತ್ತಲ ಕೆರೆಗಳ ವರ್ಷವನ್ನು ಮಲೆನಾಡಿನ ಹೊಳೆಗಳ ವರ್ಷದೊಂದಿಗೆ ಬೆರೆಸಬಾರದು. ಮಲೆನಾಡಿನಲ್ಲಿ ಜೂನ್, ಜುಲೈಗಳಲ್ಲೇ ಹೊಳೆ ತುಂಬುತ್ತದೆ; ನಮ್ಮಲ್ಲಿ ಅತಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಎಂದರೆ ಹುಬ್ಬೆಯಿಂದ ಚಿತ್ತೆಯವರೆಗೆ. ಕೆರೆ ಕೋಡಿ ಬೀಳುವುದಾದರೆ ಆಗಲೇ ಬೀಳಬೇಕು. ಆ ಎರಡು ತಿಂಗಳಲ್ಲಿ ಭಾರಿ ಮಳೆಯ ಮರುದಿನ ಗಾಳ ಹಿಡಿದು ಹೋಗುವುದರಲ್ಲಿ ಅರ್ಥವಿಲ್ಲ. ಕೆಂಪು ಮಣ್ಣು ಕದಡಿದ ನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಏನೂ ಕಾಣುವುದಿಲ್ಲ, ಗೆಂಡೆ ಜಾತಿಗಳಿಗೆ ನೀರಿನೊಡನೆ ಕೊಚ್ಚಿ ಬಂದ ಹುಳುಹುಪ್ಪಟೆಯೇ ಸಾಕಷ್ಟು ಸಿಗುತ್ತದೆ. ಕೆರೆ ಕಾಯುವ ಹಿರಿಯರೊಬ್ಬರು ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನೀರು ಕೆಂಪಗೆ ಐತೆ ಸಾರ್, ಮಣ್ಣು ತಳಕ್ಕೆ ಕೂತ್ಕೊಳ್ಳಲಿ, ಇನ್ನು ನಾಕೈದು ದಿನ ಬಿಟ್ಟು ಬನ್ನಿ." ಪ್ರವಾಸದ ಯೋಜನೆಗೆ ಇಂಥ ಒಂದು ಫೋನ್ ಕರೆಗಿಂತ ಹೆಚ್ಚಿನ ಮಾಹಿತಿಯನ್ನು ಯಾವ ಆ್ಯಪ್ ಕೂಡ ಕೊಡಲಾರದು.

ಸ್ವಾತಿ, ವಿಶಾಖ ಮಳೆಗಳು ಮುಗಿದು ನೀರು ತಿಳಿಯಾಗುವ ನವೆಂಬರ್ ನಡುವಿನಿಂದ ಫೆಬ್ರವರಿಯವರೆಗಿನ ಕಾಲವೇ ನನ್ನ ಮಟ್ಟಿಗೆ ನಮ್ಮ ಸೀಮೆಯ ಗಾಳದ ಕಾಲ. ಕೆರೆ ತುಂಬಿರುತ್ತದೆ, ಮಳೆಗಾಲದಲ್ಲಿ ಮೇಯ್ದ ಮೀನಿಗೆ ಮೈ ಬಂದಿರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಮಾತ್ರ ಹೊತ್ತಿನ ಲೆಕ್ಕ ಬದಲಾಗುತ್ತದೆ. ಕಾಟ್ಲಾ, ರೋಹುಗಳು ಬೆಚ್ಚಗಿನ ನೀರಿನ ಮೀನುಗಳು. ರಾತ್ರಿಯ ಚಳಿ 15 ಡಿಗ್ರಿಗೆ ಇಳಿದ ಮುಂಜಾವಿನಲ್ಲಿ ಅವು ಆಳದಲ್ಲಿ ಸುಮ್ಮನಿರುತ್ತವೆ. ಹತ್ತು ಗಂಟೆಯ ಮೇಲೆ ಬಿಸಿಲು ತಾಗುವ ಮೇಲ್ದಡದಲ್ಲಿ ರಾಗಿ ಹಿಟ್ಟಿನ ಉಂಡೆ ಹಾಕಿ ಕುಳಿತವರಿಗೆ, ನಸುಕಿನಲ್ಲಿ ಮಂಜಿನೊಳಗೆ ನಡುಗುತ್ತಾ ಕುಳಿತವರಿಗಿಂತ ಹೆಚ್ಚಿನ ಫಲ ಸಿಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಬೇಸಿಗೆಯ ಮುಂಜಾವಿನ ಬಗ್ಗೆಯೂ ಒಂದು ತಪ್ಪು ನಂಬಿಕೆ ಬೇರೂರಿದೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ: ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಇನ್ನೂ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಹಗಲಿನಲ್ಲಿ ಪಾಚಿಯೇ ಬಿಸಿಲಿನಿಂದ ಆಮ್ಲಜನಕವನ್ನು ತಯಾರಿಸುತ್ತದೆ. ರಾತ್ರಿಯಾದ ಮೇಲೆ ಅದೇ ಪಾಚಿ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತದೆ. ಆದ್ದರಿಂದ ಹಸಿರುಗಟ್ಟಿದ ಕೆರೆಯಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಸೂರ್ಯೋದಯಕ್ಕೆ ಮುಂಚಿನ ಹೊತ್ತಿನಲ್ಲಿ. ಏಪ್ರಿಲ್, ಮೇ ತಿಂಗಳ ಬೆಳಿಗ್ಗೆ ನೀರಿನ ಮೇಲೆ ಸಾಲುಸಾಲಾಗಿ ಬಾಯಿ ತೆರೆದುಕೊಂಡಿರುವ ಮೀನುಗಳನ್ನು ಕಂಡು ಮೀನು ಮೇಯುತ್ತಿದೆ ಎಂದು ಹೊಸಬರು ಹಿಗ್ಗುತ್ತಾರೆ. ಅವು ಉಸಿರಿಗಾಗಿ ಒದ್ದಾಡುತ್ತಿರುವ ಮೀನುಗಳು. ಆ ಹೊತ್ತಿನಲ್ಲಿ ಅವು ಕಚ್ಚುವುದೂ ಇಲ್ಲ, ಒಂದು ವೇಳೆ ಕಚ್ಚಿದ ಒಂದನ್ನು ಎಳೆದು ದಣಿಸಿ ಮತ್ತೆ ನೀರಿಗೆ ಬಿಟ್ಟರೆ ಅದು ಬದುಕುವ ಸಾಧ್ಯತೆಯೂ ಕಡಿಮೆ. ಬೇಸಿಗೆಯ ಮೊದಲ ಬಿರುಸು ಮಳೆ ರಾಜಕಾಲುವೆಯ ಕೊಳಚೆಯನ್ನು ಕೆರೆಗೆ ತಳ್ಳಿದಾಗ ಈ ಕೊರತೆ ವಿಪರೀತಕ್ಕೆ ಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ಮೀನುಗಳ ರಾಶಿಯನ್ನು ಕಂಡವರಿಗೆ ಆಮ್ಲಜನಕದ ಕೊರತೆ ಎಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಕೊರವ ಮೀನಿನ ವಿಷಯ ಬೇರೆ. ಅದು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಹಾಗಾಗಿ ಬೇಸಿಗೆಯಲ್ಲಿ ನೀರು ಇಳಿದು ಜೊಂಡಿನ ಅಂಚು, ಅಂತರಗಂಗೆಯ ನಡುವಿನ ತೆರವುಗಳು ಉಳಿದಾಗ ಅದನ್ನು ಹುಡುಕುವವರಿಗೆ ಒಳ್ಳೆಯ ದಿನಗಳು. ಆದರೆ ಇಲ್ಲೂ ಒಂದು ಮಿತಿಯಿದೆ. ಕೆಂಬಣ್ಣದ ಸಣ್ಣ ಮರಿಗಳ ಗುಂಪು ನೀರಿನ ಮೇಲ್ಭಾಗದಲ್ಲಿ ಕುದಿಯುವಂತೆ ಏಳುತ್ತಾ ಮುಳುಗುತ್ತಾ ಸಾಗುವುದು ಕಂಡರೆ ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಮರಿಗಳ ಬಳಿಗೆ ಕಪ್ಪೆಯಾಕಾರದ ಗಾಳ ಎಸೆದರೆ ಅವು ರೋಷದಿಂದ ಹಾರಿ ಕಚ್ಚುತ್ತವೆ ಎಂದು ಅದನ್ನೊಂದು ಉಪಾಯವಾಗಿ ಹೇಳಿಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾವಲಿನ ಮೀನು ಹೋದ ಮೇಲೆ ಆ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ.

ಗಾಳಿಯ ವಿಷಯ ಸುಲಭ, ಆದರೂ ಅದನ್ನು ಬಳಸಿಕೊಳ್ಳುವವರು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ಆಷಾಢದಲ್ಲಂತೂ ಅದು ನಿಲ್ಲುವುದೇ ಇಲ್ಲ. ಅಲೆ ಬಡಿಯುವ ಪೂರ್ವದ ದಡದಲ್ಲಿ ಆಮ್ಲಜನಕ ಹೆಚ್ಚು ಬೆರೆಯುತ್ತದೆ, ತೇಲುವ ಹುಳುಗಳೂ ಅಲ್ಲಿಗೇ ಸೇರುತ್ತವೆ. ನವೆಂಬರ್ ನಂತರ ಗಾಳಿ ಪೂರ್ವದಿಂದ ಬರುವುದರಿಂದ ಕೂರುವ ದಡವನ್ನೂ ಬದಲಿಸಬೇಕು. ಮುಖಕ್ಕೆ ಗಾಳಿ ಹೊಡೆದು ದಾರ ದೂರ ಹೋಗದಿದ್ದರೂ ಅಲೆಯ ದಡವೇ ಲೇಸು.

ಬೇಸಿಗೆಯ ಗುಡುಗು ಮಳೆ ನಮ್ಮಲ್ಲಿ ಹೆಚ್ಚಾಗಿ ಮಧ್ಯಾಹ್ನದ ನಂತರ ಬರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಮೂರು ಗಂಟೆಯೊಳಗೆ ಗಾಳ ಸುತ್ತಿಡುವಂತೆ ದಿನವನ್ನು ಯೋಜಿಸಬೇಕು. ಕಾರ್ಬನ್ ಫೈಬರ್‌ನ ಗಾಳದ ಕೋಲು ವಿದ್ಯುತ್ತನ್ನು ಹರಿಯಗೊಡುತ್ತದೆ, ಬಯಲಾದ ಕೆರೆ ಏರಿಯ ಮೇಲೆ ಅದನ್ನು ಎತ್ತಿ ನಿಂತವರೇ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರುತ್ತಾರೆ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಕೋಲನ್ನು ಕೆಳಗಿಟ್ಟು ಕಾರಿನೊಳಗೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಸಿಡಿಲಿನ ಮುನ್ಸೂಚನೆಗಾಗಿ ಇರುವ ದಾಮಿನಿ ಆ್ಯಪ್ ಫೋನಿನಲ್ಲಿರಲಿ. ಮೀನಿನ ಆ್ಯಪ್‌ಗಿಂತ ಅದರ ಅಗತ್ಯ ಹೆಚ್ಚು.

ಕಾವೇರಿಯ ದಂಡೆಗೆ ಹೋಗುವವರು ಆಕಾಶಕ್ಕಿಂತ ಮೊದಲು ಅಣೆಕಟ್ಟನ್ನು ನೋಡಬೇಕು. ಬೆಂಗಳೂರಿನಲ್ಲಿ ಬಿಸಿಲಿದ್ದು ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಸುರಿಯುತ್ತಿದ್ದರೆ ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ನೀರು ಬಿಡುತ್ತಾರೆ, ಕೆಳಗೆ ಬಂಡೆಯ ಮೇಲೆ ಕುಳಿತವರಿಗೆ ಅದರ ಸುಳಿವೇ ಇರುವುದಿಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಮಟ್ಟ ಅದರ ಹತ್ತಿರವಿದ್ದು ಒಳಹರಿವು ಏರುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದ ವಾರ ನದಿಯ ಯೋಜನೆಯನ್ನೇ ಕೈಬಿಡುವುದು ಕ್ಷೇಮ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳ ಗಾಳದ ಶಿಬಿರಗಳು ಹಿಂದೆ ದೇಶವಿದೇಶಗಳಲ್ಲಿ ಹೆಸರಾಗಿದ್ದವು, ಆದರೆ ಕಾವೇರಿ ವನ್ಯಜೀವಿ ಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಮೀನು 2018ರಿಂದ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಧಾಮದ ಹೊರಗಿನ ಕೆರೆಗಳಲ್ಲೂ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆದಾರರದ್ದು ಅಥವಾ ಮೀನುಗಾರರ ಸಹಕಾರ ಸಂಘದ್ದು, ಅವರ ಒಪ್ಪಿಗೆ ಪಡೆಯದೆ ಕೂರಬಾರದು.

ನನ್ನ ಬಲವಾದ ಆಗ್ರಹವಿರುವುದು ಮೃಗಶಿರಾದಿಂದ ಪುಷ್ಯದವರೆಗಿನ ಎರಡು ತಿಂಗಳ ಬಗ್ಗೆ. ಕಾಟ್ಲಾ, ರೋಹು, ಮಹಶೀರ್ ಮುಂತಾದವು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಹೊಸ ನೀರು ಹರಿದಾಗ ಪ್ರವಾಹದ ಎದುರು ಈಜಿ ಮೇಲಕ್ಕೆ ಹೋಗುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಹೀಗೆ ಪ್ರವಾಹದ ಎದುರು ಹತ್ತಿ ಬರುವ ಮೀನಿಗೇ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಕಿರುಹಳ್ಳಕ್ಕೆ ಬಂದ ಮೀನನ್ನು ಹಿಡಿಯಲು ಕೌಶಲವೇ ಬೇಕಾಗಿಲ್ಲ, ಅದಕ್ಕಾಗಿಯೇ ಆ ದಿನಗಳಲ್ಲಿ ಹೋಗುವವರು ಹೆಚ್ಚು. ಬೆಂಗಳೂರಿನ ಗಾಳದ ಗುಂಪುಗಳು ಈ ವರ್ಷದ ಪ್ರವಾಸಪಟ್ಟಿಯಿಂದ ಜೂನ್ ಮತ್ತು ಜುಲೈ ತಿಂಗಳನ್ನು ಪೂರ್ತಿಯಾಗಿ ತೆಗೆದುಹಾಕಲಿ. ಸೆಪ್ಟೆಂಬರ್‌ನಲ್ಲಿ ಕೆರೆ ಕೋಡಿ ಬಿದ್ದಾಗ ಕೋಡಿಯ ಕೆಳಗಿನ ಕಾಲುವೆಯಲ್ಲಿಯೂ ಗಾಳ ಹಾಕದಿರಲಿ. ಗುಂಪು ನಡೆಸುವವರು ಒಪ್ಪುವುದಾದರೆ ನವೆಂಬರ್‌ನ ಮೊದಲ ಪ್ರವಾಸಕ್ಕೆ ಕೆರೆ ಹುಡುಕಿ, ಗುತ್ತಿಗೆದಾರರ ಬಳಿ ಮಾತಾಡಿ ಒಪ್ಪಿಗೆ ಪಡೆಯುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ.